ಎಲ್ಲ ಮಕ್ಕಳೂ ತೊಟ್ಟ ಹಳದಿ ಅಂಗಿ

ಪಂಕಜಾ ಆಂಟಿ ಗಂಡನಿಗೆ ಡೈವೋರ್ಸ್ ಕೊಡುತ್ತಿದ್ದಾರೆಂದು ಒಂದು ಶನಿವಾರ ಬೆಳಿಗ್ಗೆ ನಾನು ಮನಃಪೂರ್ವಕವಾಗಿ ನಂಬಿದ್ದೆ. ನಂಬದೆ ಏನು ಮಾಡಲಿ? ಮುಂಬೈ ಪಕ್ಕದ ಐರೋಲಿಯ ಅವರ ಮನೆಗೆ ಪೇಯಿಂಗ್ ಗೆಸ್ಟ್ ಆಗಿ ಬಂದು ನನಗೆ ಹೆಚ್ಚು ದಿನ ಆಗಿರಲಿಲ್ಲ. ನೀರು ಕುಡಿಯಲು ಕೋಣೆಯಿಂದ ಹೊರಬಂದರೆ ಹಾಲಿನ ನೆಲದ ಮೇಲೆ ಆಂಟಿ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಅವರ ಮದುವೆಯ ಫೋಟೋ, ಕೈಯಲ್ಲಿ ಕತ್ತರಿ. ಬಾಸಿಂಗ ಕಟ್ಟಿಕೊಂಡು ನಿಂತ ಗುಂಡಣ್ಣ ಅಂಕಲ್ಲಿನ ಭುಜದ ಸುತ್ತ ಆ ಕತ್ತರಿ ನಿಧಾನವಾಗಿ ತಿರುಗುತ್ತಿತ್ತು. ಎದುರಿನ ಸ್ಟೂಲಿನ ಮೇಲಿದ್ದ ಲ್ಯಾಪ್‌ಟಾಪಿನಿಂದ ಒಬ್ಬ ಹುಡುಗಿಯ ದನಿ, "ಆಂಟೀ, ಅಂಕಲ್ ಕೋ ಪೂರಾ ಕಾಟ್ ಡಾಲೋ. ಇಮೋಷನಲ್ ಮತ್ ಹೋನಾ!" ಎಂದು ಹುರಿದುಂಬಿಸುತ್ತಿತ್ತು.

ಕಂಪ್ಯೂಟರಿನಲ್ಲಿ ರೈಲಿನ ಟಿಕೆಟ್ಟು, ಪಿಜ್ಜಾ, ವಧು ಎಲ್ಲ ಸಿಗುವ ಕಾಲ. ವಕೀಲರೂ ಸಿಗುತ್ತಿರಬೇಕು ಎಂದುಕೊಂಡೆ. ನೀರನ್ನು ಅಲ್ಲೇ ಬಿಟ್ಟು ಬಾಲ್ಕನಿಗೆ ಹೋದೆ. ಗುಂಡಣ್ಣ ಅಂಕಲ್ ಕರಿಬೇವಿನ ಗಿಡಕ್ಕೆ ಚೊಂಬಿನಿಂದ ನೀರು ಹನಿಸುತ್ತಿದ್ದರು. ಬೆಂಗಳೂರಿನಲ್ಲಿ ನಾಲ್ಕು ಜನ ಚಿಕ್ಕಪ್ಪಂದಿರ ನಡುವೆ ಬೆಳೆದವನು ನಾನು. ಹಿರಿಯರ ಜಗಳದಲ್ಲಿ ತಲೆ ಹಾಕುವುದು ನನ್ನ ಜನ್ಮಸಿದ್ಧ ಹಕ್ಕು ಎಂಬ ಭ್ರಮೆ ಇನ್ನೂ ಇಳಿದಿರಲಿಲ್ಲ.

"ಅಂಕಲ್, ಧೈರ್ಯ ತಗೊಳ್ಳಿ" ಎಂದೆ. "ಇಷ್ಟು ವರ್ಷ ಜೊತೆಗಿದ್ದು ಈಗ ಹೀಗೆ ಅಂದ್ರೆ ಕಷ್ಟಾನೇ."

"ನಿಂಗೂ ಹೇಳಿದ್ಳಾ?" ಅಂಕಲ್ ಚೊಂಬು ಕೆಳಗಿಟ್ಟರು. "ಡಾಕ್ಟ್ರು ಎರಡೂ ಬದಲಾಯಿಸ್ಬೇಕು ಅಂತಾರಪ್ಪ. ನಾನು ಒಂದು ಸಾಕು ಅಂತೀನಿ."

ಎರಡು? ನಾನು ಬೆಚ್ಚಿದೆ. ಅವರು ಮಂಡಿ ನೀವಿಕೊಳ್ಳತೊಡಗಿದ ಮೇಲೆ ಮಾತು ಹೊರಳಿದ ದಿಕ್ಕು ತಿಳಿಯಿತು. ನನ್ನ ಅನುಮಾನವನ್ನು ಬಿಡಿಸಿ ಹೇಳಿದಾಗ ಅಂಕಲ್ ಎಷ್ಟು ನಕ್ಕರೆಂದರೆ ಎದುರು ಬಿಲ್ಡಿಂಗಿನವರು ಕಿಟಕಿ ತೆರೆದು ನೋಡಿದರು.

"ಪಂಕಜಾ! ಕೇಳ್ದೇನೇ? ನಮ್ಮ ಸುಪ್ರೀತ ನನಗೆ ಜೀವನಾಂಶ ಕೊಡಿಸ್ತಾನಂತೆ!"

"ತಲೆ ಅಂಟಿಸೋವರೆಗೂ ಸುಮ್ನಿರಿ ಅಂದ್ರೇ" ಎಂದು ಒಳಗಿನಿಂದ ಉತ್ತರ ಬಂತು.

ಆಂಟಿ ಕಲಿಯುತ್ತಿದ್ದದ್ದು ಸ್ಕ್ರ್ಯಾಪ್‌ಬುಕ್ ಮಾಡುವುದನ್ನು. ದಪ್ಪ ಹಾಳೆಯ ಪುಸ್ತಕ. ಒಂದೊಂದು ಪುಟಕ್ಕೆ ಒಂದೊಂದು ನೆನಪು. ಹಳೆಯ ಫೋಟೋಗಳ ನಕಲು ತೆಗೆಸಿ, ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಅಂಟಿಸಿ, ಸುತ್ತ ಬಣ್ಣದ ಕಾಗದ, ರಿಬ್ಬನ್ನು, ಹಳೆಯ ಸೀರೆಯ ಅಂಚು, ಕೊನೆಗೆ ಕೆಳಗೆ ನಾಲ್ಕು ಸಾಲು ಬರವಣಿಗೆ. ಪಾಠ ಹೇಳುವವಳು ವಾಶಿಯ ಪ್ರೇಕ್ಷಾ. ಮಂಗಳೂರು ಕಡೆಯ ಹೋಟೆಲಿನವರ ಮಗಳು; ಮನೆಯಲ್ಲಿ ತುಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಪ್ರತಿ ಶನಿವಾರ ಅವಳ ಪರದೆಯಲ್ಲಿ ಎಂಟೊಂಬತ್ತು ಹೆಂಗಸರು ಪುಟ್ಟ ಪುಟ್ಟ ಚೌಕಗಳಲ್ಲಿ, ಲೋಕಲ್ ಗಾಡಿಯ ಕಿಟಕಿಗಳಲ್ಲಿ ಕಂಡ ಹಾಗೆ, ಸಾಲಾಗಿ ಕೂರುತ್ತಿದ್ದರು.

ಇದು ಎರಡು ಸಾವಿರದ ಹದಿನಾಲ್ಕರ ಮಾತು. ಮನೆಯ ಇಂಟರ್ನೆಟ್ಟು ಆಗಾಗ ಧ್ಯಾನಕ್ಕೆ ಹೋಗುತ್ತಿತ್ತು. ನಾನೋ ಹತ್ತಿರದ ಐಟಿ ಪಾರ್ಕಿನಲ್ಲಿ ಟೆಕ್ನಿಕಲ್ ಸಪೋರ್ಟ್. ವಾರವಿಡೀ ಕಾಣದ ಜನಕ್ಕೆ ಫೋನಿನಲ್ಲಿ "ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ" ಎಂದು ಹೇಳಿ ಸಂಬಳ ಎಣಿಸುವವನು. ಡೈವೋರ್ಸ್ ಪ್ರಕರಣದ ಪ್ರಾಯಶ್ಚಿತ್ತವಾಗಿ ಶನಿವಾರಗಳಲ್ಲಿ ಅದನ್ನೇ ಪಂಕಜಾ ಆಂಟಿಗೆ ಸಂಬಳವಿಲ್ಲದೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕ್ಯಾಮೆರಾ ಕಣ್ಣು ಪುಟದ ಮೇಲೆ ಬೀಳುವಂತೆ ಲ್ಯಾಪ್‌ಟಾಪನ್ನು ಓರೆಯಾಗಿ ಹಿಡಿಯುವುದು, ಅಂಟು ಒಣಗಲೆಂದು ಫ್ಯಾನಿನ ವೇಗ ಏರಿಸುವುದು, ಏರಿಸಿದ್ದಕ್ಕೆ ಕಾಗದ ಹಾರಿ ಬೈಸಿಕೊಳ್ಳುವುದು ಇವೂ ಅದರಲ್ಲೇ ಸೇರಿದ್ದವು. ಬಹುಮಾನವಾಗಿ ಒಗ್ಗರಣೆ ಅವಲಕ್ಕಿ. ಇದಕ್ಕಿಂತ ಒಳ್ಳೆಯ ಕಂಪನಿಯಲ್ಲಿ ನಾನು ಇಲ್ಲಿಯವರೆಗೆ ಕೆಲಸ ಮಾಡಿಲ್ಲ.

ಆಂಟಿ ಮೈಸೂರಿನವರು. ಗುಂಡಣ್ಣನವರನ್ನು ಮದುವೆಯಾಗಿ ಡೊಂಬಿವಲಿಯ ಒಂದು ಕೋಣೆಯ ಮನೆಗೆ ಬಂದವರು. ಅಂಕಲ್‌ಗೆ ಠಾಣೆ ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ಶಿಫ್ಟು. ಆಂಟಿಗೆ ಮುಂಬೈಯ ಕೋಟೆ ಪ್ರದೇಶದ ಒಂದು ಆಫೀಸಿನಲ್ಲಿ ಟೈಪಿಂಗು. ಇಬ್ಬರೂ ಒಟ್ಟಿಗೆ ಮನೆಯಲ್ಲಿರುತ್ತಿದ್ದದ್ದು ಹಬ್ಬಕ್ಕೊಮ್ಮೆ. ನಿವೃತ್ತಿಯಾದ ಮೇಲೆ ಐರೋಲಿಯಲ್ಲಿ ಈ ಫ್ಲ್ಯಾಟು. ಮಗಳು ಹರ್ಷಿತಾ ಮದುವೆಯಾಗಿ ಪಕ್ಕದ ಠಾಣೆ ನಗರಕ್ಕೆ ಹೋದ ಮೇಲೆ ಅವಳ ಕೋಣೆ ನನಗೆ, ಅವಳ ಹಳೆಯ ಲ್ಯಾಪ್‌ಟಾಪ್ ಆಂಟಿಗೆ.

ಪುಸ್ತಕದಲ್ಲಿ ಮದುವೆಯ ಪುಟ ಮುಗಿಯಿತು, ಹರ್ಷಿತಾಳ ಪುಟ ಮುಗಿಯಿತು. ಆದರೆ ಆಂಟಿ ಹೆಚ್ಚು ಹೊತ್ತು ಕೂತದ್ದು ಗಾಡಿಯ ಪುಟಗಳ ಮೇಲೆ. ಡೊಂಬಿವಲಿಯಿಂದ ದಿನಾ ಹತ್ತುತ್ತಿದ್ದ ಫಾಸ್ಟ್ ಲೋಕಲ್ಲಿನ ಲೇಡೀಸ್ ಡಬ್ಬಿ. ಅದರ ಫೋಟೋ ಒಂದೂ ಇರಲಿಲ್ಲ. ಆ ಕಾಲದಲ್ಲಿ ಗಾಡಿಯೊಳಗೆ ಯಾರು ಕ್ಯಾಮೆರಾ ತರುತ್ತಾರೆ? ಹಾಗಾಗಿ ಆಂಟಿ ನೀಲಿ ಕಾಗದದಲ್ಲಿ ಕಿಟಕಿ ಕತ್ತರಿಸಿದರು, ಕಿಟಕಿಗೆ ಸರಳು ಅಂಟಿಸಿದರು, ಹೊರಗೆ ಟಿಶ್ಯೂ ಕಾಗದದ ಮಂಜು ಮೆತ್ತಿದರು. ಕತ್ತರಿ ಆಡಿದಂತೆಲ್ಲ ಮಾತು ಬರುತ್ತಿತ್ತು. ಬಾಲ್ಕನಿಯಾಚೆ ಎರಡು ಕಟ್ಟಡಗಳ ಸಂದಿಯಲ್ಲಿ ಖಾರಿಯ, ಅಂದರೆ ಕಡಲಿನಿಂದ ಒಳಚಾಚಿದ ಹಿನ್ನೀರಿನ, ಒಂದು ಪಟ್ಟಿ ಕಾಣುತ್ತದೆ. ಚಳಿಗಾಲದಲ್ಲಿ ಅದರ ಅಂಚಿಗೆ ರಾಜಹಂಸಗಳು ಇಳಿದು ಕೆಸರೆಲ್ಲ ಗುಲಾಬಿಯಾಗುತ್ತದೆ. ಆ ಬೆಳಕು ಹಾಲಿನ ಗೋಡೆಯ ಮೇಲೆ ಅಲುಗುತ್ತಿತ್ತು. ವಾರದ ನಿದ್ದೆ ಬಾಕಿ ಉಳಿಸಿಕೊಂಡಿರುತ್ತಿದ್ದ ನನಗೆ ಆಂಟಿಯ ಮಾತು ಎಲ್ಲಿ ಮುಗಿಯಿತು, ನನ್ನ ಕನಸು ಎಲ್ಲಿ ಹಿಡಿಯಿತು ಎಂಬುದು ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಆ ಡಬ್ಬಿಯಲ್ಲಿ ಅವರದೊಂದು ಗುಂಪಿತ್ತು. ಕಲ್ಯಾಣದಲ್ಲಿ ಹತ್ತುವವರು ಡೊಂಬಿವಲಿಯವರಿಗೆ ಜಾಗ ಹಿಡಿಯುವುದು, ಬರುವಾಗ ಅವರೆಕಾಯಿ ಸುಲಿಯುವುದು, ಮೆಂತ್ಯ ಸೋಸುವುದು, ಸಂಕ್ರಾಂತಿಗೆ ಎಳ್ಳು ಹಂಚುವುದು. ಬಸುರಿಯಾದವಳಿಗೆ ಸೀಮಂತವೂ ಗಾಡಿಯಲ್ಲೇ. ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ದಾದರ್ ಬರುವುದರೊಳಗೆ ಆರತಿ ಮುಗಿಸಿ, ಇಳಿದು ಆಫೀಸಿಗೆ ಓಡುವುದು.

"ಮಗು ಮೊದಲು ತೊಡೋ ಬಟ್ಟೆ ಹೊಸದಿರಬಾರದು, ಗೊತ್ತಲ್ಲ?" ಎಂದರು ಆಂಟಿ ಒಂದು ಶನಿವಾರ. "ಇನ್ನೊಂದು ಮಗು ತೊಟ್ಟು ಬಿಟ್ಟಿದ್ದಿರಬೇಕು. ದೃಷ್ಟಿ ಆಗಲ್ಲ ಅಂತ. ನಮ್ಮೂರು ನಮ್ಮ ಜನ ಹತ್ರ ಇದ್ರೆ ಯಾವ್ದೋ ಒಂದು ಸಿಗುತ್ತೆ. ಡೊಂಬಿವಲೀಲಿ ಯಾರನ್ನ ಕೇಳೋದು? ಅದಕ್ಕೆ ನಾವೇ ಗಾಡೀಲಿ ಒಂದು ಹೆಣೆದ್ವಿ. ಹಳದಿ ಉಲ್ಲನ್ನು. ನಾನೊಂದು ತೋಳು, ಗಾಡಿ ಗೆಳತಿ ಶ್ರೀಮತಿ ಅಂತ, ಅವಳೊಂದು ತೋಳು."

"ಮತ್ತೆ ಅದೂ ಹೊಸದೇ ಆಯ್ತಲ್ಲ ಆಂಟಿ?"

"ಮೊದಲು ಶ್ರೀಮತಿ ಮನೆ ಪಕ್ಕದ ಮಗೂಗೆ ಒಂದು ಗಳಿಗೆ ತೊಡಿಸಿ ಬಿಚ್ಚಿದ್ವಿ. ಆಯ್ತಲ್ಲ, ಹಳೇದು." ಆಂಟಿ ಕಣ್ಣು ಮಿಟುಕಿಸಿದರು. "ಅವಳ ಕೈ ಸಡಿಲ, ನನ್ನ ಕೈ ಬಿಗಿ. ಅದೂ ಅಲ್ದೆ ಪಾರ್ಸಿಕ್ ಸುರಂಗದಲ್ಲಿ ಗಾಡಿ ನುಗ್ಗಿದ್ರೆ ದೀಪ ಇರ್ತಿರಲಿಲ್ಲ. ಕತ್ತಲಲ್ಲೂ ಅವಳು ಸೂಜಿ ನಿಲ್ಲಿಸ್ತಿರಲಿಲ್ಲ. ಸುರಂಗದಲ್ಲಿ ಹೆಣೆದ ಸಾಲೆಲ್ಲ ಇಷ್ಟಿಷ್ಟುದ್ದ! ಒಂದು ತೋಳು ಗಿಡ್ಡ, ಒಂದು ತೋಳು ಉದ್ದ. ಆಮೇಲೆ ಗುಂಪಲ್ಲಿ ಹುಟ್ಟಿದ ಮಕ್ಕಳೆಲ್ಲ ಅದನ್ನೇ ತೊಟ್ಟವು."

ಮಕ್ಕಳೆಲ್ಲ ಅದನ್ನೇ ತೊಟ್ಟು, ಒಂದೇ ಕಡೆ ಫೋಟೋ ತೆಗೆಸಿಕೊಂಡವು. ಅದೂ ಗುಂಪಿನ ಕಟ್ಟಳೆ. ಹೆರಿಗೆ ರಜೆಯ ಕೊನೆಯ ಭಾನುವಾರ ಡೊಂಬಿವಲಿ ಸ್ಟೇಷನ್ನಿನ ಪಕ್ಕದ ಸ್ಟುಡಿಯೋಕ್ಕೆ ಮಗುವನ್ನು ಒಯ್ದು, ಹಳದಿ ಅಂಗಿ ತೊಡಿಸಿ, ಬಟ್ಟೆಯ ಮೇಲೆ ಬರೆದ ಮೋಡಗಳ ಮುಂದೆ ಮಲಗಿಸಿ ಫೋಟೋ. ಕೆಲಸಕ್ಕೆ ಮರಳುವ ದಿನ ತಾಯಿ ಗಾಡಿಗೆ ಪ್ರತಿಗಳನ್ನು ತಂದು ಎಲ್ಲರಿಗೂ ಹಂಚಬೇಕು. ಮಗುವನ್ನು ಬಿಟ್ಟು ಬಂದ ಮೊದಲ ದಿನ ಕಣ್ಣೀರು ಬರುವುದು ಸಹಜ. ಹತ್ತು ಜನರ ಕೈಯಲ್ಲಿ ಅದರ ಮುಖ ಓಡಾಡಿದರೆ ಅಳು ಸ್ವಲ್ಪ ಹಂಚಿಹೋಗುತ್ತದೆ. ಹೀಗೆ ಎಲ್ಲರ ಮನೆಯ ಫೋಟೋ ಡಬ್ಬಿಯಲ್ಲೂ ಎಲ್ಲರ ಮಕ್ಕಳು.

ಆ ಮಧ್ಯಾಹ್ನ ನಾನು ಸೋಫಾದಲ್ಲೇ ತೂಕಡಿಸಿದೆ. ಕನಸಿನಲ್ಲಿ ಲೇಡೀಸ್ ಡಬ್ಬಿ ಖಾರಿಯ ನೀರಿನ ಮೇಲೆ ಹಳಿ ಇಲ್ಲದೆ ತೇಲುತ್ತಿತ್ತು. ಒಳಗೆ ಹಳದಿ ಅಂಗಿಯ ಮಕ್ಕಳನ್ನು ಹೆಂಗಸರು ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಯಾವುದು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಮಾತ್ರ ಒಬ್ಬಾಕೆ, "ಜೆಂಟ್ಸ್ ಹಿಂದಿನ ಡಬ್ಬಿ!" ಎಂದು ದಬ್ಬಿದಳು. ಕನಸಿನಲ್ಲಿಯೂ ನನಗೆ ಸೀಟು ಸಿಗುವುದಿಲ್ಲ.

ಎಚ್ಚರವಾದಾಗ ಆಂಟಿ ಒಂದು ಫೋಟೋ ಹಿಡಿದು ಕೂತಿದ್ದರು. ಕಪ್ಪು ಬಿಳುಪು, ಅಂಗೈಯಷ್ಟು ದೊಡ್ಡದು. ಮೋಡಗಳ ಮುಂದೆ ಮಲಗಿದ ಒಂದು ಕೂಸು. ಉಲ್ಲನ್ನಿನ ಅಂಗಿ, ಒಂದು ತೋಳು ಉದ್ದ, ಒಂದು ಗಿಡ್ಡ. ಎಡಗಿವಿಯ ಮೇಲಂಚು ಎಲೆಯ ತುದಿಯಂತೆ ಮಡಚಿಕೊಂಡಿತ್ತು. ಅದರ ನಕಲು ತೆಗೆಸಿರಲಿಲ್ಲ; ಕತ್ತರಿಯನ್ನೂ ಅದರ ಹತ್ತಿರ ತಂದಿರಲಿಲ್ಲ.

"ಹರ್ಷಿತಾನಾ?" ಎಂದೆ.

"ಅಲ್ಲ" ಎಂದರು. ಅಷ್ಟೇ. ಫೋಟೋವನ್ನು ಖಾಲಿ ಪುಟದ ನಡುವೆ ಇಟ್ಟು, ತೆಗೆದು, ಮತ್ತೆ ಇಟ್ಟರು.

ಸಂಜೆ ತರಕಾರಿಗೆ ಹೋದಾಗ ಗುಂಡಣ್ಣ ಅಂಕಲ್ ದಾರಿಯಲ್ಲಿ ಹೇಳಿದರು. ಹರ್ಷಿತಾಳಿಗಿಂತ ಮೊದಲು ಅವರಿಗೆ ಒಂದು ಹೆಣ್ಣು ಮಗು ಹುಟ್ಟಿತ್ತು. ಜ್ವರ ಬಂತು, ಮಗು ಹೋಯಿತು. ಆಂಟಿಯ ಹೆರಿಗೆ ರಜೆ ಇನ್ನೂ ಉಳಿದಿತ್ತು. ಉಳಿದ ರಜೆಯನ್ನು ಬಿಟ್ಟು ಅವರು ಆಫೀಸಿಗೆ ಹೋಗಲು ಶುರು ಮಾಡಿದರು.

"ಮೂವತ್ತು ವರ್ಷದಲ್ಲಿ ಒಂದ್ಸಲ ಅದರ ಹೆಸರೆತ್ತಿಲ್ಲ ಕಣೋ. ನಾನೂ ಎತ್ತಲಿಲ್ಲ. ಅವಳು ಎತ್ತಿದ್ರೆ ಎತ್ತೋಣ ಅಂತ ನಾನು, ನಾನು ಎತ್ತಲಿ ಅಂತ ಅವಳೋ ಏನೋ. ಫೋಟೋ ಇದೆ ಅಂತಾನೂ ನಂಗೆ ಗೊತ್ತಿರಲಿಲ್ಲ. ಯಾವಾಗ ತೆಗೆಸಿದ್ಳೋ, ಶಿಫ್ಟಲ್ಲಿದ್ದೆ ಅನ್ಸುತ್ತೆ." ಅಂಕಲ್ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ ನಿಂತರು. "ಆ ಪುಟ ಒಂದು ಆಗ್ಲಪ್ಪ. ಅದು ಆಗದೆ ಪುಸ್ತಕ ಮುಗೀತು ಅಂದ್ರೆ ಅವಳು ಮತ್ತೆ ಬಾಯಿ ಬಿಡಲ್ಲ. ಆಮೇಲೆ ನನ್ನ ತಲೆ ಎಲ್ಲಿ ಬೇಕಾದ್ರೂ ಕತ್ತರಿಸಿಕೊಳ್ಳಲಿ."

ಬೆಂಡೆಕಾಯಿಯವನು, "ಕಾಕಾ, ತೋಡೂ ನಕಾ!" ಎಂದು ಗದರಿದ. ಮುರಿದದ್ದನ್ನೆಲ್ಲ ನಾವೇ ಕೊಂಡೆವು.

ಮುಂದಿನ ವಾರಗಳಲ್ಲಿ ತರಗತಿಗೆ ಹೊಸಬರೊಬ್ಬರು ಸೇರಿದರು. ಆಂಟಿಯೇ ಫೋನು ಮಾಡಿ ಸೇರಿಸಿದ ಗೆಳತಿ, ಆ ಉದ್ದ ತೋಳಿನ ಶ್ರೀಮತಿ. ಧಾರವಾಡದ ಕಡೆಯವರು, ಮನೆ ಕಲ್ಯಾಣದಲ್ಲಿ. ಕ್ಯಾಮೆರಾ ಎಲ್ಲಿದೆ ಎಂದು ತಿಳಿಯದೆ ಅವರು ಯಾವಾಗಲೂ ಬರೀ ಹಣೆ ಮತ್ತು ಕುಂಕುಮವಾಗಿ ಕಾಣಿಸುತ್ತಿದ್ದರು.

"ಏ ಪಂಕಜಾ, ನಾ ಕಾಣಸ್ತೀನೇನ?"

"ಹಣೆ ಕಾಣ್ತಿದೆ."

"ಅಷ್ಟರಾಗ ಎಲ್ಲಾ ಬರದೈತಿ ತಗೊ."

ಪ್ರೇಕ್ಷಾಳ ನಿಯಮದಂತೆ ಪ್ರತಿ ಪುಟದ ಕೆಳಗೆ ಬರೆಯಲೇಬೇಕು: ಯಾರು, ಎಲ್ಲಿ, ಯಾವಾಗ. ಫೋಟೋ ಮುಖ ಹೇಳುತ್ತದೆ, ಹೆಸರನ್ನು ನೀವು ಹೇಳದಿದ್ದರೆ ಮೊಮ್ಮಕ್ಕಳಿಗೆ ಅದು ಯಾರೋ ಒಬ್ಬರು, ಎಂದು ಅವಳು ಹಿಂದಿಯಲ್ಲಿ ಎಚ್ಚರಿಸುತ್ತಿದ್ದಳು. ಅದಕ್ಕೇ ಆಂಟಿಯ ಆ ಪುಟ ಹಿಂದೆ ಬೀಳುತ್ತಲೇ ಇತ್ತು. ಫೋಟೋ ನಾಲ್ಕು ಮೂಲೆಗಳಲ್ಲಿ ಕಾಗದದ ಕಿಸೆಯೊಳಗೆ ಕೂತಿತ್ತು; ಕೆಳಗಿನ ಜಾಗ ಬಿಳಿಯಾಗಿಯೇ ಇತ್ತು. ಕೊನೆಗೊಂದು ಶನಿವಾರ, ತಮ್ಮ ಸರದಿ ಬಂದಾಗ, ಆಂಟಿ ಗಂಟಲು ಸರಿಮಾಡಿಕೊಂಡು ನನಗೆ ಕಣ್ಸನ್ನೆ ಮಾಡಿದರು. ನಾನು ಪುಟವನ್ನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದೆ. ಅಡುಗೆ ಮನೆಯ ಬಾಗಿಲಲ್ಲಿ ಗುಂಡಣ್ಣ ಅಂಕಲ್ ಒದ್ದೆ ಕೈಯಲ್ಲೇ ನಿಂತರು.

"ಇದು ನನ್ನ ಮೊದಲನೇ..." ಎಂದು ಆಂಟಿ ಶುರು ಮಾಡಿದ್ದರು.

"ಅಯ್ಯ! ನಮ್ಮ ಕುಶಾಲ!" ಕಲ್ಯಾಣದ ಚೌಕದಿಂದ ಶ್ರೀಮತಿ ಕೂಗಿದರು. ಸಂತೋಷಕ್ಕೆ ಮೊದಲ ಸಲ ಅವರ ಪೂರ್ತಿ ಮುಖ ಪರದೆಗೆ ಬಂದಿತ್ತು. "ನೋಡ್ರಿ ನೋಡ್ರಿ, ನನ್ನ ಮಗ! ನನ್ನ ಹತ್ರ ಇದ್ದದ್ದು ಮಳಿನೀರಿಗೆ ಹಾಳಾಗಿ ಹೋತು. ಪಂಕಜಾ, ನೀ ಇನ್ನೂ ಇಟ್ಟೀಯೇನ ಇದನ್ನ!"

ಎಂಟೊಂಬತ್ತು ಚೌಕಗಳಲ್ಲಿ ಹೆಂಗಸರು ಚಪ್ಪಾಳೆ ತಟ್ಟಿದರು. ಪ್ರೇಕ್ಷಾ "ಸೋ ಸ್ವೀಟ್!" ಎಂದಳು. ಆಂಟಿ ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳವನ್ನು, ನಿದ್ದೆ ಹೋದ ಮಗುವಿಗೆ ಹೊದಿಕೆ ಎಳೆದಷ್ಟು ಮೆಲ್ಲಗೆ, ಮುಚ್ಚಿದರು.

"ನೆಟ್ ಹೋಯ್ತು ಅಂತ ಮೆಸೇಜ್ ಮಾಡಪ್ಪ" ಎಂದರು ನನಗೆ.

ಮಾಡಿದೆ. ಸುಳ್ಳು ತಾಂತ್ರಿಕ ಕಾರಣ ಕೊಡುವುದು ನನ್ನ ವೃತ್ತಿಯ ತಿರುಳು.

ಅದಾದ ಮೇಲೆ ಶನಿವಾರ ಬಂತು, ಆಂಟಿ ಲ್ಯಾಪ್‌ಟಾಪ್ ತೆರೆಯಲಿಲ್ಲ. ಕತ್ತರಿ, ಅಂಟು, ರಿಬ್ಬನ್ನು ಎಲ್ಲ ಬಿಸ್ಕತ್ತಿನ ಡಬ್ಬಿಗೆ ಸೇರಿ, ಡಬ್ಬಿ ಅಟ್ಟಕ್ಕೆ ಸೇರಿತು. ಪುಸ್ತಕ ದೇವರ ಕಪಾಟಿನ ಕೆಳಗೆ ಮಗುಚಿಕೊಂಡು ಮಲಗಿತ್ತು. ಆಂಟಿ ಇಡೀ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಖಾರಿಯ ಕಡೆ ನೋಡುತ್ತಿದ್ದರು. ಅಂಕಲ್ ಕುಂಟುತ್ತಾ ಬಂದು ಅವರ ಪಕ್ಕ ಒಂದು ಕುರ್ಚಿ ಇಟ್ಟರು, ಅವರು ಕೂರಲಿಲ್ಲ, ಕೊನೆಗೆ ಅಂಕಲ್ಲೇ ಕೂತರು. ಶ್ರೀಮತಿಯ ಫೋನು ಬಂದರೆ ರಿಂಗಾಗಿ ನಿಲ್ಲುತ್ತಿತ್ತು. ಅವಲಕ್ಕಿಗೆ ಒಗ್ಗರಣೆ ಬೀಳುತ್ತಿತ್ತು, ಆದರೆ ಕಡಲೆಬೀಜ ಮರೆತಿರುತ್ತಿತ್ತು. ನಾನು ಮೂರು ಸಲ "ಒಮ್ಮೆ ಆಫ್ ಮಾಡಿ ಆನ್ ಮಾಡೋಣ್ವಾ ಆಂಟಿ?" ಎಂದು ತಮಾಷೆ ಮಾಡಲು ಬಾಯಿ ತೆರೆದು, ನನ್ನ ಜೀವನದಲ್ಲಿ ಅಪರೂಪಕ್ಕೆ, ಮುಚ್ಚಿಕೊಂಡೆ.

ಫೋನಿಗೆ ಉತ್ತರ ಸಿಗದೆ ಶ್ರೀಮತಿ ತಾವೇ ಬಂದರು. ಕಲ್ಯಾಣದಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ. ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಪರದೆಯಲ್ಲಿ ಹಣೆಯಾಗಿದ್ದವರು ಬಾಗಿಲಲ್ಲಿ ಪೂರ್ತಿ ಹೆಂಗಸಾಗಿ ನಿಂತಾಗ ಎಷ್ಟು ಗಿಡ್ಡಕ್ಕಿದ್ದಾರೆಂದು ನನಗೆ ಆಶ್ಚರ್ಯವಾಯಿತು.

"ಫೋನ್ ಯಾಕ ಎತ್ತವಲ್ಲಿ? ಸತ್ತೀಯೋ ಬದಕೀಯೋ ನೋಡೂಣಂತ ಬಂದೆ."

"ಬದುಕಿದೀನಿ. ಚಪ್ಪಲಿ ಹೊರಗೆ ಬಿಡು."

ಒಳಗೆ ಬಂದ ಶ್ರೀಮತಿ ನೀರು ಕುಡಿದರು. ಆಂಟಿ ಚಹಾ ಮಾಡಲು ಹೋದಾಗ ಅಂಕಲ್ ಬಗ್ಗಿ ಅವರಿಗೆ ಎರಡು ಮಾತು ಹೇಳಿದ್ದು ನನಗೂ ಕೇಳಿಸಿತು: ಪಾಪು ಹೋದ ಮಾತು, ಆ ಪುಟದ ಮಾತು. ಶ್ರೀಮತಿ ಗ್ಲಾಸನ್ನು ಕೆಳಗಿಟ್ಟರು. "ನನಗ ಹೊಳೀಲೇ ಇಲ್ಲರಿ" ಎಂದಷ್ಟೇ ಅಂದರು. ಆಮೇಲೆ ಎದ್ದು ಸೀದಾ ದೇವರ ಕಪಾಟಿನ ಕೆಳಗಿಂದ ಪುಸ್ತಕ ತೆಗೆದು, ಕಿಟಕಿಯ ಹತ್ತಿರ ಒಯ್ದು, ಕನ್ನಡಕವನ್ನು ಹಣೆಗೇರಿಸಿ ಫೋಟೋವನ್ನು ಮೂಗಿನವರೆಗೆ ತಂದರು.

ಆಂಟಿ ಚಹಾ ಹಿಡಿದು ಬಂದವರು ಅಲ್ಲೇ ನಿಂತರು. 

"ಅಲ್ಲ ಬಿಡ" ಎಂದರು ಶ್ರೀಮತಿ. "ಇದು ನಮ್ಮ ಕುಶಾಲ ಅಲ್ಲ. ಅಂವಾ ಹುಟ್ಟಿದಾಗಿಂದ ಬೋಳ. ಇದರ ತಲ್ಯಾಗ ನೋಡ, ಎಷ್ಟ ಕೂದ್ಲ ಅದಾವು."

"ಅವತ್ತು ಊರಿಗೆಲ್ಲ ಕೇಳೋ ಹಾಗೆ ಕೂಗಿದೆಯಲ್ಲೇ."

"ಕಣ್ಣಿಗೆ ಪೊರೆ ಬಂದೈತಿ ನನಗ. ಆ ಪರದೀ ಮ್ಯಾಲ ಎಲ್ಲಾ ಕೂಸೂ ನಮ್ಮವ ಕಂಡಾವು." ಶ್ರೀಮತಿ ಪುಸ್ತಕವನ್ನು ಆಂಟಿಯ ಮುಂದೆ ನೆಲದ ಮೇಲೆ ಬಿಡಿಸಿಟ್ಟರು. "ಇದು ನಿನ್ನ ಪುಟ್ಟಿ. ಮುಖ ನಿನ್ನಂಗ ಐತಿ, ಸಿಟ್ಟಿಂದು. ಏನಲೇ, ಖಾಲಿ ಯಾಕ ಬಿಟ್ಟೀ ಇಷ್ಟ ದೊಡ್ಡ ಪುಟ? ತಾ ಉಲ್ಲನ್ನು."

ಆಂಟಿ ಅವರ ಮುಖವನ್ನೇ ನೋಡಿದರು. ಆ ನೋಟ ಎಷ್ಟು ಹೊತ್ತು ಇತ್ತೆಂದರೆ ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ತಟ್ಟೆ ಕೆಳಗಿಟ್ಟು, "ಸುಪ್ರೀತ, ಅಟ್ಟದಿಂದ ಡಬ್ಬಿ ಇಳಿಸಪ್ಪ" ಎಂದರು.

ಹಳದಿ ಉಲ್ಲನ್ನು ಮನೆಯಲ್ಲಿರಲಿಲ್ಲ. ನಾನು ಓಡಿಹೋಗಿ ತಂದೆ. ತಂದದ್ದು ನಿಂಬೆ ಹಳದಿ, ಬೇಕಿದ್ದದ್ದು ಅರಿಸಿನ ಹಳದಿ. ಬೈಸಿಕೊಂಡು ಮತ್ತೆ ಓಡಿದೆ. ಮರಳಿ ಬಂದಾಗ ಅವರಿಬ್ಬರೂ ಗೋಡೆಗೊರಗಿ, ಕಾಲು ಚಾಚಿ, ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಅಷ್ಟು ದೊಡ್ಡ ಹಾಲಿನಲ್ಲಿ, ಲೋಕಲ್ಲಿನ ಮೂವರ ಸೀಟಿಗೆ ತೂರಿಕೊಂಡ ನಾಲ್ಕನೆಯವರ ಹಾಗೆ ಒತ್ತಿಕೊಂಡು. ಇಬ್ಬರ ಕೈಯಲ್ಲೂ ಸೂಜಿ. ಪುಟದ ಎಡ ಅಂಚಿಗೆ ಆಂಟಿ ಒಂದು ಪಟ್ಟಿ ಹೆಣೆದರು, ಬಲ ಅಂಚಿಗೆ ಶ್ರೀಮತಿ. ಮಾತು ಡೊಂಬಿವಲಿಯಿಂದ ಹೊರಟು ದಿವಾ ದಾಟಿ, ಸುರಂಗ ಹೊಕ್ಕು, ಹೊರಬಿದ್ದು, ಎಲ್ಲೆಲ್ಲೋ ಹೋಗುತ್ತಿತ್ತು. ಆ ಅಂಗಿ ಕೊನೆಗೆ ಯಾರ ಮನೆಗೆ ಹೋಯಿತು? ಬದಲಾಪುರದವಳೊಬ್ಬಳು ಒಯ್ದಳು, ಅವಳಿಂದ ಮುಂದೆ ಯಾರೋ. ಈಗಲೂ ಎಲ್ಲೋ ಒಂದು ಕೂಸು ತೊಟ್ಟಿರಬಹುದು. ಗೋಡೆಯ ಮೇಲೆ ಖಾರಿಯ ಬೆಳಕು ಅಲುಗುತ್ತಿತ್ತು, ಇಡೀ ಹಾಲ್ ನಿಂತಲ್ಲೇ ಚಲಿಸುತ್ತಿರುವಂತೆ ಕಾಣುತ್ತಿತ್ತು. ಗುಂಡಣ್ಣ ಅಂಕಲ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಇಳಿಯಬೇಕಾದ ಸ್ಟೇಷನ್ ದಾಟಿದರೂ ಎಚ್ಚರವಾಗದ ಪ್ರಯಾಣಿಕರ ಹಾಗೆ ನಿದ್ದೆ ಹೋದರು.

ಬಲಗಡೆಯ ಪಟ್ಟಿ ಎಡಗಡೆಯದಕ್ಕಿಂತ ಉದ್ದವಾಯಿತು.

"ಇಲ್ಲಿ ಯಾವ ಸುರಂಗ ಇತ್ತೇ?" ಎಂದರು ಆಂಟಿ. ಇಬ್ಬರೂ ನಕ್ಕು ನಕ್ಕು ಸೂಜಿ ಬಿಟ್ಟರು. ಅಂಕಲ್ ಎದ್ದು ಕೂತರು.

ಆಮೇಲೆ ಆಂಟಿ ಕಪ್ಪು ಶಾಯಿಯ ಪೆನ್ನಿನಿಂದ ಫೋಟೋದ ಕೆಳಗೆ ಬರೆದರು: "ನಮ್ಮ ಪುಟ್ಟಿ. ಡೊಂಬಿವಲಿ. ಅಂಗಿ ಹಳದಿ." ಅಂಕಲ್ ಕನ್ನಡಕ ಹುಡುಕಿ ತಂದು ಅದನ್ನು ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು. "ಜ್ವರ ಬಂದಾಗ್ಲೂ ನಗ್ತಿತ್ತು ಅಲ್ವೇನೇ" ಎಂದರು. "ಹೂಂ. ನಿಮ್ಮ ಮೀಸೆ ಎಳೀತಿತ್ತು" ಎಂದರು ಆಂಟಿ. ನಾನು ಸದ್ದಾಗದಂತೆ ತಿರುಗಿ ಅಡುಗೆ ಮನೆಗೆ ಹೋಗಿ, ತೊಳೆದಿದ್ದ ಕಪ್ಪುಗಳನ್ನೇ ಮತ್ತೆ ತೊಳೆದೆ.

ಸಂಜೆ ಶ್ರೀಮತಿಯವರನ್ನು ಸ್ಟೇಷನ್ನಿಗೆ ಬಿಡಲು ಹೋದೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅವರು ಮೊಬೈಲು ತೆಗೆದರು. ಮಗ ಕುಶಾಲ್ ಠಾಣೆಯಲ್ಲಿದ್ದಾನೆ, ಹೊಟ್ಟೆ ಬಂದಿದೆ, ಫೋನು ಮಾಡುವುದಿಲ್ಲ, ಮೊಮ್ಮಗ ಚಿನ್ನು ಮಾತ್ರ ಬಂಗಾರ, ಆದರೆ ಅಜ್ಜಿ ಅನ್ನುವುದಿಲ್ಲ, ಮರಾಠಿಯಲ್ಲಿ ಆಜೀ ಅನ್ನುತ್ತದೆ ಎಂದರು. "ನೋಡ ನಮ್ಮ ಕೂಸಿನ್ನ" ಎಂದು ಫೋಟೋ ತೋರಿಸಿದರು. ಹೊಟ್ಟೆಯ ಕುಶಾಲ್, ತೊಡೆಯ ಮೇಲೆ ಚಿನ್ನು. ಇಬ್ಬರ ಎಡಗಿವಿಯ ಮೇಲಂಚೂ ಎಲೆಯ ತುದಿಯಂತೆ ಮಡಚಿತ್ತು.

ನಾನು ಫೋಟೋವನ್ನು ನೋಡುತ್ತಲೇ ಇದ್ದೆ. ಶ್ರೀಮತಿ ಮೊಬೈಲನ್ನು ನನ್ನ ಕೈಯಿಂದ ತೆಗೆದು ಪರ್ಸಿಗೆ ಹಾಕಿದರು.

"ಏನ್ ಅಷ್ಟ ನೋಡ್ತಿ? ಗಾಡಿ ಬಂತು. ಪಂಕಜಾಗ ಹೇಳು, ರೊಟ್ಟಿ ಮೆತ್ತಗಾಗ್ತಾವ, ಡಬ್ಬ್ಯಾಗ ಹಾಕ್ಕಂತ."

ಗಾಡಿ ಇನ್ನೂ ರಬಾಳೆಯ ಕಡೆ ಬಾಗಿನಲ್ಲಿ ಒಂದು ದೀಪವಾಗಿತ್ತು. ಅವರು ಎದ್ದು ಲೇಡೀಸ್ ಡಬ್ಬಿ ನಿಲ್ಲುವ ಜಾಗಕ್ಕೆ ಹೋಗಿ, ನನಗೆ ಬೆನ್ನು ಮಾಡಿ ನಿಂತರು.

ಜಾಣನಾಗಿದ್ದರೆ ನಾನು ಅದನ್ನು ಅಲ್ಲೇ ಬಿಡುತ್ತಿದ್ದೆ. ಆದರೆ ಒಂದು ಪ್ರಶ್ನೆ ಹೊಟ್ಟೆಗೆ ಹೋದರೆ ನನಗೆ ಅಜೀರ್ಣ. ರಜೆ ಮುಗಿಯುವಾಗ ತೆಗೆಸುವ ಫೋಟೋ. ರಜೆ ಮುಗಿಯುವ ಮೊದಲೇ ಹೋದ ಮಗು. ಮೇಲೆ ಆ ಕಿವಿ. ಮರುದಿನ ಭಾನುವಾರ. ಅಂಕಲ್ ಹಾಲು ತರಲು ಹೋಗಿದ್ದರು. ಆಂಟಿ ಪುಸ್ತಕವನ್ನು ಬಾಲ್ಕನಿಯ ಬಿಸಿಲಿನಲ್ಲಿ ಅಂಟು ಒಣಗಲೆಂದು ತೆರೆದಿಟ್ಟು, ಗಾಳಿಗೆ ಪುಟ ಮಗುಚದಂತೆ ಅಂಗೈ ಊರಿ ಕೂತಿದ್ದರು. ಆಚೆ ಖಾರಿಯ ಅಂಚು ಗುಲಾಬಿಯಾಗಿತ್ತು. ಪ್ರೇಕ್ಷಾಳಿಗೆ ಕಳಿಸಲು ಪುಟದ ಫೋಟೋ ತೆಗೆಯುವ ನೆಪದಲ್ಲಿ ಬಗ್ಗಿದ ನಾನು, ಮೊಬೈಲಿನ ಹಿಂದೆ ಮುಖ ಅಡಗಿಸಿಕೊಂಡು ಕೇಳಿಯೇ ಬಿಟ್ಟೆ.

"ಆಂಟಿ, ಬೇಜಾರು ಮಾಡ್ಕೋಬೇಡಿ. ಇದು ಶ್ರೀಮತಿ ಆಂಟಿ ಮಗಾನೇ ಅಲ್ವಾ?"

ಆಂಟಿ ಪುಟದ ಮೇಲಿನ ಕೈ ತೆಗೆಯಲಿಲ್ಲ.

"ಹೌದು, ಕುಶಾಲನೇ. ನಂಗೂ ಗೊತ್ತು, ಅವಳಿಗೂ ಗೊತ್ತು. ನನ್ನದಕ್ಕೆ ಫೋಟೋ ತೆಗೆಸೋಷ್ಟು ದಿನ ಸಿಗಲಿಲ್ಲ. ಅವಳಿಗೆ ಮಗನೇ ಇದ್ದಾನೆ, ಹೊಟ್ಟೆ ಬಿಟ್ಕೊಂಡು ಠಾಣೇಲಿ. ಫೋಟೋ ಯಾಕೆ ಅವಳಿಗೆ? ನಾನು ಕೊಡಲ್ಲ."